ವಿಭೂತಿಯಿಂದ ಬೆಳಗಿದ ಹತ್ತು ಹೆಡ್‌ಲೈಟುಗಳು

೨೦೦೧ನೇ ಇಸವಿ ಸೆಪ್ಟೆಂಬರ್ ೩, ಸೋಮವಾರ, ಸಂಜೆ ಆರು ಗಂಟೆ ನಲವತ್ತು ನಿಮಿಷ. ಮದ್ರಾಸಿನ ಅಂಬತ್ತೂರಿನಲ್ಲಿದ್ದ ನಮ್ಮ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಶಟರ್ ಎಳೆದು, ಒಳಗಿನ ದೀಪಗಳನ್ನೆಲ್ಲ ಆರಿಸಿ, ಮೂರನೇ ನಂಬರಿನ ವ್ಯಾನಿನ ಹೆಡ್‌ಲೈಟು ಹಾಕಿಸಿದೆ. ಹತ್ತು ಮೀಟರು ದೂರದ ಸುಣ್ಣದ ಗೋಡೆಯ ಮೇಲೆ ಬಿದ್ದ ಬೆಳಕು ಹಾಲು ಹಾಕದ ಚಹಾದ ಬಣ್ಣಕ್ಕಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಈ ಕೆಲಸದ ಮೊದಲ ಸಾಲು ಅದು: ವ್ಯಾನ್ ೩, ಎಡ ೪೭, ಬಲ ೫೨.

ನಮ್ಮದು ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ. ನಾನು ತಪಾಸಣೆ ವಿಭಾಗದಲ್ಲಿದ್ದೆ. ವಯಸ್ಸು ಇಪ್ಪತ್ತನಾಲ್ಕು, ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ತಪಾಸಣೆಯ ಮೇಜುಗಳ ಮೇಲೆ ಸಾಕಷ್ಟು ಬೆಳಕಿದೆಯೇ ಎಂದು ತಿಂಗಳಿಗೊಮ್ಮೆ ನೋಡಲು ನನ್ನ ಬೀರುವಿನಲ್ಲಿ ಅಂಗೈಯಗಲದ ಒಂದು ಲಕ್ಸ್ ಮೀಟರು ಇತ್ತು. ಬೆಳಗಿನ ಪಾಳಿಯವರನ್ನು ಕತ್ತಲಲ್ಲೇ ಕರೆತರುವ ಆರು ವ್ಯಾನುಗಳ ಹೆಡ್‌ಲೈಟು ಮಂಕಾಗಿವೆ ಎಂದು ಚಾಲಕರು ದೂರು ಕೊಟ್ಟಾಗ ಸುರಕ್ಷತಾ ಸಮಿತಿ ಹೆಚ್ಚು ಯೋಚಿಸಲಿಲ್ಲ. ಮೀಟರು ಯಾರ ಬೀರುವಿನಲ್ಲಿದೆಯೋ ಅವರೇ ಅಳೆಯಲಿ ಎಂದಿತು.

ಅಳೆಯುವ ಕ್ರಮವನ್ನು ನಾನೇ ಬರೆದುಕೊಂಡೆ. ನೆಲದ ಮೇಲೆ ಸೀಮೆಸುಣ್ಣದ ಗೆರೆ, ವ್ಯಾನಿನ ಮುಂಭಾಗ ಅದಕ್ಕೆ ತಾಗಿರಬೇಕು. ಟೈರುಗಳಲ್ಲಿ ಗಾಳಿ ಸರಿಯಿರಬೇಕು. ಚಾಲಕರು ತಮ್ಮ ಸೀಟಿನಲ್ಲಿ ಕೂತಿರಬೇಕು, ಎಂಜಿನ್ ಓಡುತ್ತಿರಬೇಕು. ಗೋಡೆಯ ಮೇಲೆ ಅತಿ ಪ್ರಕಾಶವಾದ ಜಾಗದಲ್ಲಿ ಮೂರು ಸಲ ಅಳೆದು ನಡುವಿನ ಅಂಕಿಯನ್ನು ಬರೆಯಬೇಕು. ಹೋಲಿಕೆಗೆಂದು ಅದೇ ಮಾದರಿಯ ಒಂದು ಹೊಸ ವ್ಯಾನನ್ನು ಅರ್ಧ ಗಂಟೆಯ ಮಟ್ಟಿಗೆ ಬೇಡಿ ತಂದು ಅಳೆದೆ: ೧೧೮. ನಮ್ಮ ಹನ್ನೆರಡು ದೀಪಗಳಲ್ಲಿ ಒಂದೂ ಅರವತ್ತು ಮುಟ್ಟಲಿಲ್ಲ.

ಮೂರನೇ ವ್ಯಾನಿನ ಚಾಲಕರು ಕುಂದಾಪುರದ ಕಡೆಯವರು. ಹದಿನೈದನೇ ವಯಸ್ಸಿಗೆ ಮದ್ರಾಸಿಗೆ ಬಂದು ಊರಿನವರ ಹೋಟೆಲಿನಲ್ಲಿ ಲೋಟ ತೊಳೆದು, ಅದೇ ಹೋಟೆಲಿನ ತರಕಾರಿ ವ್ಯಾನಿನಲ್ಲಿ ಓಡಿಸುವುದನ್ನು ಕಲಿತವರು. ಈಗ ನಲವತ್ತೆರಡು. ಸಮುದ್ರದ ದಂಡೆಯ ತಿರುವೊಟ್ಟಿಯೂರಿನಲ್ಲಿ ಮನೆ, ಅಲ್ಲಿಂದಲೇ ಬೆಳಗಿನ ನಾಲ್ಕೂವರೆಗೆ ಹೊರಟು ಹತ್ತು ಜನರನ್ನು ತುಂಬಿಕೊಂಡು ಬರುತ್ತಿದ್ದರು. ಕಾರ್ಖಾನೆಯಲ್ಲಿ ಕನ್ನಡ ಮಾತಾಡುತ್ತಿದ್ದವರು ನಾವಿಬ್ಬರೇ.

"ಎಷ್ಟು ಬಂತು ಮೇಡಂ?" ಎಂದು ಸೀಟಿನಿಂದಲೇ ಕೇಳಿದರು.

"ನಲವತ್ತೇಳು. ಹೊಸದಕ್ಕೆ ನೂರಾ ಹದಿನೆಂಟು."

"ಹಾಗಾದ್ರೆ ಹೋಟೆಲಿನ ಸಾಂಬಾರಿನ ಲೆಕ್ಕವೇ. ಹನ್ನೊಂದು ಗಂಟೆ ಮೇಲೆ ಬಂದವರಿಗೆ ನೀರು ಸೇರಿಸಿ ಕೊಡುದು."

"ದಾರಿ ಕಾಣತ್ತಾ ಇದರಲ್ಲಿ?"

"ದಾರಿ ನಮಗೆ ಕಾಣುದಿಲ್ಲ ಮೇಡಂ. ದಾರಿಗೆ ನಾವು ಕಾಣ್ತೇವೆ, ಅಷ್ಟೆ."

ಕಾರಣಗಳು ಎರಡು ಸಿಕ್ಕವು. ಮೊದಲನೆಯದು ವೈರಿನದು. ಬ್ಯಾಟರಿಯ ಹತ್ತಿರ ೧೩.೬ ವೋಲ್ಟು ಇದ್ದದ್ದು ಬಲ್ಬಿನ ಹತ್ತಿರ ಬರುವಷ್ಟರಲ್ಲಿ ೧೧.೩ ಆಗುತ್ತಿತ್ತು. ಹಳೆಯ ಸ್ವಿಚ್ಚು, ಸಣ್ಣ ವೈರು, ಉಪ್ಪುಗಾಳಿಗೆ ತುಕ್ಕು ಹಿಡಿದ ಜೋಡಣೆಗಳಲ್ಲಿ ಎರಡು ವೋಲ್ಟಿಗೂ ಹೆಚ್ಚು ಸೋರಿಹೋಗುತ್ತಿತ್ತು. ವೋಲ್ಟು ಆರನೇ ಒಂದು ಪಾಲು ಇಳಿದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರಡನೆಯದು ಬಲ್ಬಿನ ಹಿಂದಿನ ಬಟ್ಟಲು, ಅಂದರೆ ರಿಫ್ಲೆಕ್ಟರು. ಕನ್ನಡಿಯ ಹಾಗಿರಬೇಕಾದ ಅದರ ಮೇಲೆ ಮಂಜು ಕವಿದಂತೆ ಮಾಸಲು ಕೂತಿತ್ತು. ಗಾಜಿನ ಸುತ್ತಲಿನ ರಬ್ಬರು ಸೀಳಿ ತೇವ ಒಳಗೆ ಹೋಗಿತ್ತು.

ಸೆಪ್ಟೆಂಬರ್ ೧೪ರಂದು ಎರಡು ಪುಟದ ಟಿಪ್ಪಣಿ ಬರೆದು ಸಾರಿಗೆ ಅಧಿಕಾರಿಗೆ ಕೊಟ್ಟೆ. ಪ್ರತಿ ವ್ಯಾನಿಗೂ ಬ್ಯಾಟರಿಯಿಂದ ದೀಪಕ್ಕೆ ನೇರ ಕರೆಂಟು ಕೊಡುವ ರಿಲೇ ಹಾಕಿ ದಪ್ಪ ವೈರು ಎಳೆಯಬೇಕು, ರಿಫ್ಲೆಕ್ಟರು ಮತ್ತು ರಬ್ಬರು ಹೊಸದಾಗಬೇಕು ಎಂದು ಕೇಳಿದ್ದೆ. ಅವರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ತಮಿಳರು, ಕೆಟ್ಟ ಮನುಷ್ಯರಲ್ಲ. ಓದಿ, ಮಡಿಸಿ, ಗಾಜಿನ ಗುಂಡಿನ ಕೆಳಗಿಟ್ಟರು. ಮುಂದಿನ ವರ್ಷದ ಬಜೆಟ್ಟಿನಲ್ಲಿ ನೋಡೋಣಮ್ಮಾ, ಅಲ್ಲಿಯವರೆಗೆ ನಿಧಾನವಾಗಿ ಓಡಿಸಲು ಹೇಳಿ ಎಂದರು. ಹೇಳಿದೆ.

"ನಿಧಾನ ಹೋಗುವ. ಆರು ಗಂಟೆಯ ಬೆಲ್ಲು ನಮಗೋಸ್ಕರ ಕಾಯ್ತದಾ ಕೇಳಿ ಬನ್ನಿ" ಎಂದರು ಮೂರನೇ ವ್ಯಾನಿನವರು.

ಅಕ್ಟೋಬರ್ ೧೮, ಗುರುವಾರ. ವೆಸ್ಟ್ ಮಾಂಬಲಂನಲ್ಲಿ ನಾನಿದ್ದದ್ದು ಅಕ್ಕ ಭಾವನ ಮನೆಯಲ್ಲಿ. ಅಮ್ಮ ಮೈಸೂರಿನಲ್ಲಿ ಮಾಡುತ್ತಿದ್ದಂತೆ ಅಕ್ಕ ಪ್ರತಿ ಗುರುವಾರ ಸಂಜೆ ಶುಕ್ರವಾರದ ಪೂಜೆಗೆಂದು ಬೆಳ್ಳಿ ದೀಪಗಳನ್ನು ಬೆಳಗುತ್ತಾಳೆ. ಒಣ ವಿಭೂತಿ, ಹಳೆಯ ಪಂಚೆಯ ಚೂರು, ಬೆರಳಿನಿಂದ ಸುತ್ತು ಸುತ್ತು. ಕಪ್ಪಾಗಿದ್ದ ದೀಪ ಐದು ನಿಮಿಷದಲ್ಲಿ ಮುಖ ಕಾಣುವಂತಾಯಿತು. ನಾನು ದೀಪವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

"ಏನೇ, ಮೊದಲನೇ ಸಲ ನೋಡ್ತಿರೋ ಹಾಗೆ ನೋಡ್ತಿದೀಯ?" ಎಂದಳು ಅಕ್ಕ.

"ಇದು ಗೀರು ಬೀಳಲ್ವಾ ಅಕ್ಕ?"

"ಅಜ್ಜಿ ಕಾಲದಿಂದ ಇದೇ ಕಣೇ. ಗೀರು ಬೀಳೋದು ಹುಣಸೆಹಣ್ಣಿಗೆ ಮರಳು ಸೇರಿಸಿದ್ರೆ. ವಿಭೂತಿ ಬೆಣ್ಣೆ ಇದ್ದ ಹಾಗೆ."

ಮರುದಿನ ಎರಡು ಪೊಟ್ಟಣ ವಿಭೂತಿ ಬ್ಯಾಗಿಗೆ ಹಾಕಿಕೊಂಡು ಹೋದೆ. ಎರಡನೇ ವ್ಯಾನಿನ ಎಡದ ದೀಪದ ಕ್ಲಿಪ್ಪುಗಳನ್ನು ತೆಗೆದು, ಗಾಜು ಬಿಚ್ಚಿ, ರಿಫ್ಲೆಕ್ಟರನ್ನು ಅಕ್ಕನ ಕ್ರಮದಲ್ಲೇ ಉಜ್ಜಿದೆ. ೪೪ ಇದ್ದದ್ದು ೬೮ ಆಯಿತು. ಒಂದೇ ಪ್ರಯೋಗವನ್ನು ನಂಬಬಾರದೆಂದು ಒಂದು ರಾತ್ರಿ ಬಿಟ್ಟು ಮತ್ತೆ ಅಳೆದೆ. ೬೮. ಒಂದು ರಾತ್ರಿ ಕಾದದ್ದನ್ನು ಆಗ ದೊಡ್ಡ ಎಚ್ಚರಿಕೆ ಎಂದು ತಿಳಿದಿದ್ದೆ.

ಅಕ್ಟೋಬರ್ ೨೪, ಬುಧವಾರ, ಆಯುಧಪೂಜೆಯ ಹಿಂದಿನ ದಿನ. ಹೇಗೂ ಚಾಲಕರೆಲ್ಲ ವ್ಯಾನು ತೊಳೆಯುವ ದಿನ. ಐದನೇ ನಂಬರಿನ ವ್ಯಾನು ಗೇರ್‌ಬಾಕ್ಸಿನ ರಿಪೇರಿಗೆ ಹೊರಗೆ ಹೋಗಿತ್ತು. ಉಳಿದ ಐದು ವ್ಯಾನುಗಳ ಹತ್ತು ದೀಪಗಳನ್ನು ಬಿಚ್ಚಿಸಿ, ಚಾಲಕರನ್ನು ಸಾಲಾಗಿ ಕೂರಿಸಿ, ಬೆರಳು ಹೇಗೆ ಸುತ್ತಬೇಕೆಂದು ತೋರಿಸಿಕೊಟ್ಟೆ. ಹೊಸ ರಬ್ಬರು ಇರಲಿಲ್ಲ, ಹಳೆಯದನ್ನೇ ಒರೆಸಿ ಕೂರಿಸಿದೆವು. ಸಂಜೆಯ ಅಳತೆಯಲ್ಲಿ ಹತ್ತಕ್ಕೆ ಹತ್ತೂ ಏರಿದ್ದವು. ವ್ಯಾನ್ ೩: ಎಡ ೭೧, ಬಲ ೭೪.

"ದೇವರ ಬೂದಿ ಅಲ್ವಾ, ಬೆಳಕು ಬರದೆ ಎಲ್ಲಿಗೆ ಹೋಗ್ತದೆ?" ಎಂದು ಮೂರನೇ ವ್ಯಾನಿನವರು ಉಳಿದ ಚಿಟಿಕೆ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡರು.

ಮರುದಿನ ಪೂಜೆಯಲ್ಲಿ ಗಾಜುಗಳ ಮೇಲೆ ಗಂಧ ಕುಂಕುಮದ ಬೊಟ್ಟು ಇಟ್ಟಾಗ, ಮಂಗಳಾರತಿ ಆದ ಕೂಡಲೇ ಒರೆಸಿಬಿಡಿ, ಒಣಗಿದರೆ ನಾಲ್ಕೈದು ಲಕ್ಸ್ ತಿನ್ನುತ್ತದೆ ಎಂದೆ. ಅದನ್ನೂ ಅಳೆದಿದ್ದೆ. ಸಾರಿಗೆ ಅಧಿಕಾರಿ ಸಕ್ಕರೆಪೊಂಗಲಿನ ಎಲೆಯನ್ನು ನನ್ನ ಕೈಗೇ ಮೊದಲು ಕೊಟ್ಟರು. ರಿಲೇ, ರಿಫ್ಲೆಕ್ಟರಿನ ಮಾತು ಎತ್ತಿದೆ. "ಅದಾನ್ ವೆಳಿಚ್ಚಂ ವಂದಾಚ್ಚೇಮ್ಮಾ, ಇನ್ನುಂ ಎನ್ನ?" ಎಂದರು. ಬೆಳಕು ಬಂತಲ್ಲ, ಮತ್ತೇನು ಬೇಕು ಎಂದು. ನನ್ನ ಟಿಪ್ಪಣಿಯ ಮೇಲೆ 'ಅಗತ್ಯವಿಲ್ಲ, ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಮಾಡಿದರು. ನಾನು ನೋಟ್‌ಬುಕ್ಕಿನ ಆ ಪುಟದ ಕೆಳಗೆ ಬರೆದೆ: ಮುಂದಿನ ಅಳತೆ ಏಪ್ರಿಲ್ ೨೦೦೨.

ನವೆಂಬರಿನಲ್ಲಿ ಮಳೆ ಬಂತು. ಡಿಸೆಂಬರಿನಲ್ಲೂ ಬಂತು. ನನ್ನ ನೋಟ್‌ಬುಕ್ಕಿನ ಆ ವಿಭಾಗದಲ್ಲಿ ಒಂದು ಸಾಲೂ ಇಲ್ಲ.

೨೦೦೨ ಜನವರಿ ೧೨, ಶನಿವಾರ, ಬೆಳಿಗ್ಗೆ ಆರೂ ಹತ್ತು. ಗೇಟಿನ ಹತ್ತಿರ ಮೂರನೇ ವ್ಯಾನಿನವರು ನನಗಾಗಿ ಕಾದಿದ್ದರು.

"ಮೇಡಂ, ಬೆಳಕು ಸತ್ತಿತು."

"ಯಾವ ಕಡೆದು?"

"ಎರಡೂ. ಮೊದಲು ಇದ್ದದ್ದಕ್ಕಿಂತ ಕಡೆ. ಮುಂದೆ ಎಂತ ಉಂಟು ಅಂತ ಹತ್ತಿರ ಹೋದ ಮೇಲೆ ಗೊತ್ತಾಗುದು. ಕಂಟೇನರು ಲಾರಿಯವರು ಹಾರ್ಬರಿನ ಸಾಲಿಗೆ ಅಂತ ರಸ್ತೆ ಮೇಲೆಯೇ ನಿಲ್ಲಿಸಿ ಮಲಗ್ತಾರೆ. ಹಿಂದೆ ಒಂದು ಕೆಂಪು ದೀಪ ಸಹ ಇರುದಿಲ್ಲ."

ಅವತ್ತು ಪೊಂಗಲಿನ ರಜೆಗೆ ಮುಂಚೆ ಸರಕು ಕಳಿಸುವ ಗಡಿಬಿಡಿ. ನಾನು ನೋಟ್‌ಬುಕ್ ತೆಗೆದು ನೋಡಿದೆ. ಅವರ ಮುಖ ನೋಡಲಿಲ್ಲ, ಪುಟ ನೋಡಿದೆ.

"ಎಪ್ಪತ್ತೊಂದು, ಎಪ್ಪತ್ನಾಲ್ಕು ಇದೆಯಲ್ಲ. ಮೂರು ತಿಂಗಳೂ ಆಗಿಲ್ಲ. ಮೊದಲಿನ ಮಂಕು ಬರೋಕೆ ವರ್ಷಗಳೇ ಹಿಡಿದಿರತ್ತೆ. ನೀವು ಒಂದು ಸಲ ಕಣ್ಣು ಪರೀಕ್ಷೆ ಮಾಡಿಸಿ."

"ಕಣ್ಣು ಸರಿ ಉಂಟು ಮೇಡಂ."

"ನಲವತ್ತು ದಾಟಿದ ಮೇಲೆ ಎಲ್ಲರೂ ಮಾಡಿಸಬೇಕು."

"ಸರಿ, ಪುಸ್ತಕದಲ್ಲಿ ಉಂಟಲ್ವಾ" ಎಂದು ಹೋದರು. ನಾನು ಅದನ್ನೂ ಬರೆದೆ. ಮಾಡಿದ್ದನ್ನೆಲ್ಲ ಬರೆಯುವುದು ನನ್ನ ಅಭ್ಯಾಸ: 'ಚಾಲಕ ೩, ಬೆಳಕು ಸಾಲದೆಂದು ದೂರು. ಕಳೆದ ಅಳತೆ ತೃಪ್ತಿಕರ. ಕಣ್ಣಿನ ಪರೀಕ್ಷೆಗೆ ಸೂಚಿಸಿದೆ.' ಶೆಡ್ಡಿಗೆ ವ್ಯಾನು ತರಿಸಿ ಅಳೆಯಲು ಹದಿನೈದು ನಿಮಿಷ ಸಾಕಿತ್ತು. ಆ ಸಾಲು ಬರೆಯಲು ಒಂದು ನಿಮಿಷ ಹಿಡಿಯಿತು.

ಅವರು ನಿಜಕ್ಕೂ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ದೂರದ ನೋಟ ಸರಿಯಿದೆ, ಓದಲು ಮಾತ್ರ ಕನ್ನಡಕ ಬೇಕು ಎಂದು ವೈದ್ಯರು ಚೀಟಿ ಕೊಟ್ಟರು. ಕನ್ನಡಕ ಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಾರ್ಚ್ ೬, ಬುಧವಾರ. ಬೆಳಿಗ್ಗೆ ಐದಕ್ಕೆ ಸ್ವಲ್ಪ ಮುಂಚೆ ತಿರುವೊಟ್ಟಿಯೂರಿನ ರಸ್ತೆಯಲ್ಲಿ ಮೂರನೇ ವ್ಯಾನು ನಿಂತಿದ್ದ ಕಂಟೇನರ್ ಲಾರಿಯ ಹಿಂಬದಿಗೆ ಹೋಗಿ ಗುದ್ದಿತು. ಲಾರಿಗೆ ಹಿಂದೀಪ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಬಲಕ್ಕೆ ಎಳೆದದ್ದರಿಂದ ವ್ಯಾನಿನ ಎಡ ಮೂಲೆ ಮಾತ್ರ ಒಳಗೆ ಹೋಯಿತು. ಜೀವ ಯಾರದ್ದೂ ಹೋಗಲಿಲ್ಲ. ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸಿನ ಹೆಗಲ ಮೂಳೆ ಮುರಿಯಿತು. ಚಾಲಕರ ಮೊಣಕಾಲು ಚಿಪ್ಪು ಡ್ಯಾಶ್‌ಬೋರ್ಡಿಗೆ ಬಡಿದು ಮೂರು ಚೂರಾಯಿತು. ಆಸ್ಪತ್ರೆಯಲ್ಲಿ ಅವರ ಅಂಗಿಯ ಜೇಬಿನಲ್ಲಿ ಕನ್ನಡಕ ಸಿಕ್ಕಿತು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ.

ಮಾರ್ಚ್ ೯, ಶನಿವಾರ. ಪೊಲೀಸರ ಪರಿಶೀಲನೆ ಮುಗಿದು ವ್ಯಾನು ಶೆಡ್ಡಿಗೆ ಬಂದಿತ್ತು. ಎಡದ ದೀಪ ಪುಡಿಯಾಗಿತ್ತು, ಬಲದ್ದು ಉಳಿದಿತ್ತು. ಬಿಚ್ಚಿ, ಬೇರೆ ಬ್ಯಾಟರಿಗೆ ಹಚ್ಚಿ, ಬಲ್ಬಿಗೆ ಸರಿಯಾಗಿ ೧೧.೩ ವೋಲ್ಟೇ ಸಿಗುವಂತೆ ಮಾಡಿ, ಅದೇ ಎತ್ತರ, ಅದೇ ಹತ್ತು ಮೀಟರಿನಲ್ಲಿ ಅಳೆದೆ. ಇಪ್ಪತ್ತೊಂದು. ಮೂರು ಸಲವೂ ಇಪ್ಪತ್ತೊಂದು.

ಗಾಜು ತೆಗೆದೆ. ರಿಫ್ಲೆಕ್ಟರು ತಳಹಿಡಿದ ಹಾಲಿನ ಪಾತ್ರೆಯ ಹಾಗೆ ಬೂದುಬಣ್ಣಕ್ಕೆ ತಿರುಗಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಅದರ ಮೇಲೆ ಸಣ್ಣ ಸಣ್ಣ ವೃತ್ತಗಳು ಕಂಡವು. ಅಕ್ಕ ದೀಪ ಬೆಳಗುವಾಗ ಬೆರಳು ಸುತ್ತುವ ವೃತ್ತಗಳೇ.

ಅಂದು ರಾತ್ರಿ ಓದಿ ತಿಳಿದುಕೊಂಡದ್ದು ಇಷ್ಟು. ಬೆಳ್ಳಿಯ ದೀಪ ಒಳಗಿನವರೆಗೂ ಬೆಳ್ಳಿ. ಉಜ್ಜಿದರೆ ಮೇಲಿನ ಕಪ್ಪು ಹೋಗಿ ಕೆಳಗಿನ ಬೆಳ್ಳಿ ಕಾಣುತ್ತದೆ. ರಿಫ್ಲೆಕ್ಟರಿನದು ಹಾಗಲ್ಲ. ತಗಡಿನ ಮೇಲೆ ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ಅಲ್ಯೂಮಿನಿಯಂ ಲೇಪ, ಅದನ್ನು ಗಾಳಿಯಿಂದ ಕಾಯಲು ಅದರ ಮೇಲೊಂದು ಮೆರುಗೆಣ್ಣೆ. ನಾನು ಉಜ್ಜಿಸಿದ್ದು ಆ ಮೆರುಗೆಣ್ಣೆಯನ್ನು. ಮೇಲಿನ ಮಾಸಲಿನ ಜೊತೆ ಅದೂ ಹೋದದ್ದರಿಂದ ಕೆಲವು ದಿನ ಲೇಪ ಬೆತ್ತಲೆಯಾಗಿ ಹೊಳೆಯಿತು. ಆ ಹೊಳಪನ್ನೇ ನಾನು ೭೧, ೭೪ ಎಂದು ಬರೆದುಕೊಂಡೆ. ಆಮೇಲೆ ಮಳೆಗಾಲದ ತೇವ, ಸಮುದ್ರದ ಉಪ್ಪು, ಸೀಳಿದ ರಬ್ಬರು ಸೇರಿ ಲೇಪವನ್ನು ತಿಂದುಹಾಕಿದವು.

ಇದು ಊಹೆಯಲ್ಲ ಎನ್ನಲು ಐದನೇ ನಂಬರಿನ ವ್ಯಾನು ಇತ್ತು. ಗೇರ್‌ಬಾಕ್ಸಿನ ದೆಸೆಯಿಂದ ನನ್ನ ಕೈಗೆ ಸಿಗದೆ ಉಳಿದದ್ದು. ಸೆಪ್ಟೆಂಬರಿನಲ್ಲಿ ೫೦, ಮಾರ್ಚಿನಲ್ಲಿ ೪೮. ನಾನು ಬೆಳಗಿಸಿದ ಉಳಿದ ಎಂಟು ದೀಪಗಳಲ್ಲಿ ಒಂದೂ ಮೂವತ್ತೈದು ದಾಟಲಿಲ್ಲ.

ಕಾರ್ಖಾನೆಯವರೇ ನಡೆಸುವ ವಿಚಾರಣೆ ಮಾರ್ಚ್ ೧೮ಕ್ಕೆ ನಿಗದಿಯಾಗಿತ್ತು. ಚಾಲಕರ ಮೇಲಿನ ಆರೋಪ ಎರಡು: ಅತಿವೇಗ, ಮತ್ತು ದೃಷ್ಟಿದೋಷ ಗೊತ್ತಿದ್ದೂ ಕನ್ನಡಕ ಹಾಕದೆ ವಾಹನ ಓಡಿಸಿದ್ದು. ಎರಡನೆಯದಕ್ಕೆ ಸಾಕ್ಷಿಯಾಗಿ ಲಗತ್ತಿಸಿದ್ದು ನನ್ನ ನೋಟ್‌ಬುಕ್ಕಿನ ಜನವರಿ ೧೨ರ ಪುಟದ ಜೆರಾಕ್ಸ್. ನನ್ನ ಅಕ್ಷರ ಬಹಳ ಸ್ಪಷ್ಟವಾಗಿದೆ.

ಮೂರು ಸಂಜೆ ಕೂತು ನಾಲ್ಕು ಪುಟದ ವರದಿ ಬರೆದೆ. ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟಂತೆ 'ಶುಚಿಗೊಳಿಸಲಾಯಿತು', 'ಸೂಚಿಸಲಾಯಿತು' ಎಂದು ಮಾಡಿದವರ ಹೆಸರಿಲ್ಲದೆ ಬರೆಯಬಹುದಿತ್ತು. ಮೊದಲ ಪ್ರತಿಯಲ್ಲಿ ಹಾಗೇ ಬರೆದಿದ್ದೆ. ಅದನ್ನು ಹರಿದು ಮತ್ತೆ ಬರೆದೆ: ನಾನು ಉಜ್ಜಿಸಿದೆ. ಚಾಲಕರು ದೂರಿದಾಗ ನಾನು ಅಳೆಯಲಿಲ್ಲ. ಅವರ ಕಣ್ಣಿನ ಮೇಲೆ ನಾನು ಅನುಮಾನಪಟ್ಟೆ, ಆಧಾರವಿರಲಿಲ್ಲ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದಳು. "ಯಾರಾದ್ರೂ ಕೇಳಿದ್ರಾ ನಿನ್ನ? ಕೇಳದೇ ಇರೋದಕ್ಕೆ ಯಾಕೆ ನೀನಾಗೇ ಹೆಸರು ಬರೀತೀಯೇ?"

"ಅವರನ್ನೂ ಯಾರೂ ಕೇಳ್ತಿಲ್ಲ ಅಕ್ಕ."

"ವಿಭೂತಿ ಅಂತಾನೂ ಬರೆದಿದೀಯಾ?"

"ಬರೆದಿದೀನಿ."

"ನನ್ನ ಹೆಸರು ಬೇಡ ಮಹರಾಯ್ತಿ" ಎಂದು ಒಳಗೆ ಹೋದಳು. ಆ ಗುರುವಾರ ಅವಳು ಬೆಳ್ಳಿ ದೀಪ ಬೆಳಗಲಿಲ್ಲ. ಮುಂದಿನ ಗುರುವಾರ ಬೆಳಗಿದಳು.

ವಿಚಾರಣೆಯಲ್ಲಿ ನನಗೆ ಸಿಕ್ಕಿದ್ದು ಹನ್ನೊಂದು ನಿಮಿಷ. ಕನ್ನಡಕ ಓದುವುದಕ್ಕೆ, ದೂರ ನೋಡುವುದಕ್ಕಲ್ಲ, ವೈದ್ಯರ ಚೀಟಿಯಲ್ಲೇ ಇದೆ ಎಂದೆ. ವಿಚಾರಣಾಧಿಕಾರಿ ತಲೆಯಾಡಿಸಿದರು, ಬರೆದುಕೊಳ್ಳಲಿಲ್ಲ. ಮಾರ್ಚಿನ ಅಳತೆಗಳನ್ನು ಮುಂದಿಟ್ಟೆ. ಅವರು ಮೀಟರನ್ನು ತರಿಸಿ, ತಿರುಗಿಸಿ, ಹಿಂದಿನ ಚೀಟಿ ಓದಿದರು. ಮೀಟರು ಸರಿಯಿದೆಯೆಂಬ ಪ್ರಮಾಣಪತ್ರದ ಅವಧಿ ಡಿಸೆಂಬರ್ ೩೧ಕ್ಕೆ ಮುಗಿದಿತ್ತು. ಹೊಸದಾಗಿ ಪರೀಕ್ಷೆಗೆ ಕಳಿಸಬೇಕೆಂಬ ನನ್ನ ಪತ್ರ ಸಾಮಗ್ರಿ ವಿಭಾಗದಲ್ಲಿ ಜನವರಿಯಿಂದ ಬಿದ್ದಿತ್ತು.

"ಹಾಗಾದರೆ ಅಕ್ಟೋಬರಿನ ಎಪ್ಪತ್ನಾಲ್ಕು ಸಿಂಧು, ಮಾರ್ಚಿನ ಇಪ್ಪತ್ತೊಂದು ಅಸಿಂಧು. ಅಷ್ಟೇ ಅಲ್ಲವೇ?" ಎಂದರು.

ನಿಯಮದ ಪ್ರಕಾರ ಅಷ್ಟೇ. ಆ ನಿಯಮ ಪಾಲಿಸುವುದು ನನ್ನದೇ ಕೆಲಸವಾಗಿತ್ತು.

ಮಾರ್ಚ್ ೨೧ರಂದು ಚಾಲಕರನ್ನು ವಜಾ ಮಾಡಿದರು. ಅದೇ ವಾರ ನನ್ನನ್ನು ಉಗ್ರಾಣಕ್ಕೆ ಹಾಕಿದರು. ಏಪ್ರಿಲ್ ೧೫ರ ಹೊತ್ತಿಗೆ ಉಳಿದ ಐದೂ ವ್ಯಾನುಗಳಿಗೆ ಹೊಸ ರಿಫ್ಲೆಕ್ಟರು, ಹೊಸ ರಬ್ಬರು, ರಿಲೇ, ದಪ್ಪ ವೈರು ಬಂದವು. ಸೆಪ್ಟೆಂಬರಿನ ನನ್ನ ಟಿಪ್ಪಣಿಯಲ್ಲಿ ಕೇಳಿದ್ದ ಸಾಮಾನೆಲ್ಲ ಇತ್ತು, ಅದೇ ಕ್ರಮದಲ್ಲಿ. ಬಟವಾಡೆಯ ಚೀಟಿಗೆ ಉಗ್ರಾಣದ ಪರವಾಗಿ ಸಹಿ ಹಾಕಿದವಳು ನಾನೇ. ಸಾರಿಗೆ ಅಧಿಕಾರಿ ಆ ದಿನ ನನ್ನ ಮೇಜಿನ ಕಡೆ ಬರಲಿಲ್ಲ.

ನನ್ನ ವರದಿಯ ಒಂದು ಪ್ರತಿಯನ್ನು ಚಾಲಕರಿಗೆ ಕೊಟ್ಟಿದ್ದೆ. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಅವರ ವಕೀಲರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಜನವರಿ ೧೨ರಂದು ಬೆಳಕು ನಿಜಕ್ಕೂ ಇಳಿದಿತ್ತೇ? ಅಂದೇ ಇಳಿದಿದ್ದರೆ ಅವರು ದೂರಿದ್ದು ನ್ಯಾಯ, ಕಣ್ಣಿನ ಆರೋಪ ಬಿದ್ದುಹೋಗುತ್ತದೆ. ಉಜ್ಜಿದ ದಿನದ ಅಂಕಿ ನನ್ನಲ್ಲಿದೆ. ನೂರಾ ಮೂವತ್ತಾರನೇ ದಿನದ ಅಂಕಿ ಇದೆ, ಅದು ಅಸಿಂಧು. ಜನವರಿ ೧೨ ಎಂದರೆ ಎಂಬತ್ತನೇ ದಿನ, ಅದರದ್ದು ಇಲ್ಲ.

ಅದಕ್ಕಾಗಿ ಒಂದು ಹಳೆಯ ದೀಪ ಕೊಂಡು ತಂದು, ವಿಭೂತಿಯಿಂದ ಉಜ್ಜಿ, ವೆಸ್ಟ್ ಮಾಂಬಲಂನ ಮನೆಯ ತಾರಸಿಯ ಮೇಲಿಟ್ಟೆ. ಮೈಸೂರಿನಲ್ಲಿ ನನಗೆ ಪಾಠ ಹೇಳಿದ ಮೇಷ್ಟರಿಂದ ಪ್ರಮಾಣಪತ್ರವಿದ್ದ ಮೀಟರು ಎರವಲು ತಂದು ವಾರಕ್ಕೊಮ್ಮೆ ಅಳೆದೆ. ಏಪ್ರಿಲ್ ೫ಕ್ಕೆ ೬೯. ಎಂಬತ್ತನೇ ದಿನ, ಜೂನ್ ೨೪ಕ್ಕೆ, ೫೪. ಎದುರು ಪಕ್ಷದ ವಕೀಲರು ಕಾಗದ ನೋಡಿ, ಈ ತಾರಸಿಗೆ ಚಕ್ರವಿದೆಯೇ, ಇದು ಸಮುದ್ರದ ದಂಡೆಯಲ್ಲಿ ಓಡುತ್ತದೆಯೇ ಎಂದು ಕೇಳಿದರಂತೆ. ನ್ಯಾಯಾಲಯದಲ್ಲಿ ನಕ್ಕರಂತೆ. ಪ್ರಶ್ನೆಯಲ್ಲಿ ತಪ್ಪಿಲ್ಲ. ಬೇಸಿಗೆಯ ತಾರಸಿ ಮಳೆಗಾಲದ ತಿರುವೊಟ್ಟಿಯೂರಲ್ಲ.

ಜುಲೈ ೭, ಭಾನುವಾರ, ಅವರನ್ನು ನೋಡಲು ಹೋದೆ. ಮೊದಲು ಲೋಟ ತೊಳೆದಿದ್ದ ಹೋಟೆಲಿನಲ್ಲೇ ಈಗ ಟೋಕನ್ ಕೊಡುವ ಮೇಜಿನ ಹಿಂದೆ ಕೂತಿದ್ದಾರೆ. ಬಲಗಾಲು ಮಡಿಸಲಾಗದೆ ಪಕ್ಕದ ಸ್ಟೂಲಿನ ಮೇಲೆ ನೀಳವಾಗಿ ಚಾಚಿತ್ತು. ಮೂಗಿನ ಮೇಲೆ ಅದೇ ಕನ್ನಡಕ. ಟೋಕನಿನ ಸಣ್ಣ ಅಕ್ಷರ ಓದಲು ಅದು ಬೇಕು. ನನ್ನನ್ನು ನೋಡಿ ಅದರ ಮೇಲಿಂದ ದಿಟ್ಟಿಸಿದರು.

"ಬನ್ನಿ ಮೇಡಂ. ನಿಮ್ಮ ಪುಸ್ತಕದಲ್ಲಿ ನನ್ನ ಕಣ್ಣು ಸರಿ ಆಯ್ತಾ?"

"ಇನ್ನೂ ಇಲ್ಲ."

"ಕಾಫಿ ಕುಡೀರಿ." ಟೋಕನ್ ಹರಿದು ಕೊಟ್ಟರು. ನನ್ನ ಕಾಫಿ ಅರ್ಧವಾಗುವಷ್ಟರಲ್ಲಿ ಮತ್ತೆ ನಾಲ್ಕು ಜನರಿಗೆ ಟೋಕನ್ ಹರಿದರು. ಆಮೇಲೆ ಹೇಳಿದರು: "ನಿಮ್ಮ ಮೇಲೆ ಸಿಟ್ಟು ಇಲ್ಲ ಅಂತ ಹೇಳುದಿಲ್ಲ ತಂಗಿ. ಉಂಟು. ಬೂದಿ ಉಜ್ಜಿದ್ದಕ್ಕೆ ಅಲ್ಲ, ಅದು ನಾನೂ ಉಜ್ಜಿದ್ದೇನೆ. ಅವತ್ತು ಒಂದು ದಿನ ಬೆಳಿಗ್ಗೆ ನನ್ನ ಪಕ್ಕದ ಸೀಟಲ್ಲಿ ಬಂದು ಕೂತಿದ್ರೆ ಸಾಕಿತ್ತು. ಮೀಟರೇ ಬೇಡ ಇತ್ತು."

ಹತ್ತು ತಿಂಗಳ ನೋಟ್‌ಬುಕ್ಕನ್ನು ಮನೆಗೆ ಬಂದು ಮೊದಲಿಂದ ತಿರುವಿದೆ. ಶೆಡ್ಡಿನ ಒಳಗೆ ಅಳೆದದ್ದು ತೊಂಬತ್ತೊಂದು ಸಲ. ಕತ್ತಲಲ್ಲಿ ಅವರ ವ್ಯಾನಿನಲ್ಲಿ ಕೂತದ್ದು ಒಂದು ಸಲವೂ ಇಲ್ಲ.

ಮುಂದಿನ ವಾಯಿದೆಗೆ ಇನ್ನು ಏಳು ವಾರ ಇದೆ. ಆದ್ದರಿಂದ ಇದನ್ನು ಓದುವವರಲ್ಲಿ ಒಂದು ಬೇಡಿಕೆ. ಹೆಡ್‌ಲೈಟಿನ ಗಾಜು ಬಿಚ್ಚಿ ವಿಭೂತಿಯಿಂದಲೋ ಬೂದಿಯಿಂದಲೋ ಹಲ್ಲುಪುಡಿಯಿಂದಲೋ ಒಳಗೆ ಉಜ್ಜಿದವರು, ಅದರಲ್ಲೂ ಸಮುದ್ರದ ಹತ್ತಿರ ಗಾಡಿ ಓಡಿಸುವವರು, ಈ ಪತ್ರಿಕೆಯ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ಎಷ್ಟು ದಿನ ಹೊಳೆಯಿತು, ಎಂದಿನಿಂದ ಮಂಕಾಯಿತು ಎಂಬುದು ಬೇಕು. ಮೀಟರು ಇಲ್ಲದಿದ್ದರೂ ಪರವಾಗಿಲ್ಲ. ಯಾವ ದಿನ ಉಜ್ಜಿದಿರಿ, ಯಾವ ದಿನ ದಾರಿ ಕಾಣಲಿಲ್ಲ, ಎರಡೇ ಸಾಲು ಸಾಕು. ಕಾಣಲಿಲ್ಲ ಎಂದು ನೀವು ಬರೆದರೆ ಈ ಸಲ ಅದನ್ನೇ ಅಳತೆ ಎಂದು ಬರೆದುಕೊಳ್ಳುತ್ತೇನೆ.